ಹಳೆಯ ಯೂನೋಸ್ ರೋಡ್‌ಸ್ಟರ್ ನೋಡಲು ಹೋಗುವಾಗ ಒಂದು ಲೋಟ ನೀರು ಹಿಡಿದುಕೊಂಡು ಹೋಗಿ

ಹಿರೋಶಿಮಾದಲ್ಲಿ ಕಾರು ಕೊಳ್ಳಬೇಕೆಂಬ ಆಸೆ ನನಗಿರಲಿಲ್ಲ. ಟ್ರಾಮು ಇದೆ, ಸೈಕಲ್ಲಿದೆ, ಮನೆಯಿಂದ ಆಫೀಸಿಗೆ ಇಪ್ಪತ್ತು ನಿಮಿಷ. ಒಂದು ಅಕ್ಟೋಬರ್ ಭಾನುವಾರ ಪಕ್ಕದ ಊರು ಕುರೆ ಕಡೆಗೆ ಹೋಗುವ ಬಸ್ಸಿನಲ್ಲಿ ಕೂತಿದ್ದೆ. ಸಿಗ್ನಲ್ಲಿನಲ್ಲಿ ಒಂದು ಗಿಡ್ಡ ನೀಲಿ ಕಾರು ಪಕ್ಕಕ್ಕೆ ಬಂದು ನಿಂತಿತು. ಕತ್ತಲಾಗುತ್ತಿತ್ತು. ಬಾನೆಟ್ಟಿನ ಒಳಗಿಂದ ಎರಡು ದೀಪ ಕಪ್ಪೆಗಣ್ಣಿನ ಹಾಗೆ ಟಪ್ಪೆಂದು ಎದ್ದವು. ಟಾಪು ಬಿಚ್ಚಿದ್ದರು. ಒಳಗೆ ಎಪ್ಪತ್ತು ದಾಟಿದ ಗಂಡ ಹೆಂಡತಿ, ಆಕೆಯ ತೊಡೆಯ ಮೇಲೆ ಒಂದು ಕಟ್ಟು ಈರುಳ್ಳಿ ಸೊಪ್ಪು. ಹಸಿರು ಬಿತ್ತು, ಅಜ್ಜ ಗೇರು ಹಾಕಿದರು, ಸೊಪ್ಪಿನ ತುದಿ ಗಾಳಿಗೆ ಬಾಗಿತು, ಹೋದರು. ಆ ವಾರವೆಲ್ಲ ಬೇರೇನೂ ನನ್ನ ತಲೆಗೆ ಹೋಗಲಿಲ್ಲ.

ಅದು ಯೂನೋಸ್ ರೋಡ್‌ಸ್ಟರ್. ಮಜ್ದಾ ಕಂಪನಿಯದು. ಅಮೆರಿಕದವರು ಮಿಯಾಟಾ ಎನ್ನುತ್ತಾರೆ, ಬೇರೆಡೆ ಎಂಎಕ್ಸ್-5. ಅದರ ಮೊದಲ ತಲೆಮಾರು 1989ರಿಂದ 1997ರ ತನಕ ಬಂತು. ಅಂದರೆ ಎಲ್ಲಕ್ಕಿಂತ ಕಿರಿಯ ಕಾರಿಗೂ ಈಗ ಇಪ್ಪತ್ತೈದು ದಾಟಿದೆ. ಅಂಥದ್ದನ್ನು ಜಪಾನಿನಲ್ಲೇ ಇದ್ದುಕೊಂಡು ಕೊಳ್ಳುವವರಿಗೆ ಈ ಬರಹ. ನಾನು ಆರು ವರ್ಷದ ಹಿಂದೆ ಕೊಂಡೆ, ತಪ್ಪಾಗಿ ಕೊಂಡೆ. ಇಂಜಿನ್ ಕೇಳಿಸಿಕೊಂಡೆ, ಬಣ್ಣ ನೋಡಿದೆ, 7 ಲಕ್ಷ 80 ಸಾವಿರ ಯೆನ್ ಎಣಿಸಿದೆ. ಹಡಗಿನ ಪಂಪುಗಳ ನಕ್ಷೆ ಬರೆಯುವುದು ನನ್ನ ಕೆಲಸ. ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ದಿನವಿಡೀ ಗೆರೆ ಎಳೆಯುವವಳು ನಾನು, ಆ ಒಂದು ಪ್ರಶ್ನೆಯನ್ನು ಮಾತ್ರ ಈ ಕಾರಿನ ಮುಂದೆ ಕೇಳಲಿಲ್ಲ. ಮೊದಲ ಶಾಕೆನ್ ಬಂದಾಗ, ಅಂದರೆ ಎರಡು ವರ್ಷಕ್ಕೊಮ್ಮೆ ಮಾಡಿಸಲೇಬೇಕಾದ ಸರ್ಕಾರಿ ತಪಾಸಣೆಗೆ ಕೊಟ್ಟಾಗ, ಎಡಗಡೆ ಬಾಗಿಲ ಹೊಸ್ತಿಲ ಹಿಂಭಾಗದಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ತೂತು ಸಿಕ್ಕಿತು.

ನಮ್ಮ ಬೀದಿಯ ಮೂರನೇ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ನಲವತ್ತು ವರ್ಷ ಟಿಂಕರಿಂಗ್ ಮಾಡಿ ಅಂಗಡಿಯನ್ನು ಮಗನ ಕೈಗೆ ಕೊಟ್ಟವರು. ಓಜಿಸಾನ್ ಅಂತಲೇ ಕರೆಯುತ್ತೇನೆ. ತೂತಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ತೋರುಬೆರಳಿಂದ ಅಂಚು ಕೆರೆದು, ಉದುರಿದ ಕೆಂಪು ಪುಡಿಯನ್ನು ಮೂಸಿ ನೋಡಿ ಅವರು ಹೇಳಿದ್ದು ಎರಡೇ ಶಬ್ದ: "ಮಿಜು ಜಾ." ಹಿರೋಶಿಮಾ ಮಾತಿನಲ್ಲಿ ಹಾಗೆಂದರೆ "ನೀರು ಕಣಮ್ಮ" ಅಂತ.

ಮೊದಲು ಫುಚೂಗೆ ಹೋಗಿಬನ್ನಿ

ಕಾರು ಹುಡುಕುವ ಮೊದಲು ಒಂದು ದಿನ ಇದಕ್ಕೆಂದೇ ತೆಗೆದಿಡಿ. ಮುಕೈನಾಡಾ ಸ್ಟೇಷನ್ನಿನಲ್ಲಿ ಇಳಿದರೆ ಮಜ್ದಾ ಮುಖ್ಯ ಕಚೇರಿ ನಡೆದು ಹೋಗುವಷ್ಟು ದೂರ. ಊರಿನ ಹೆಸರು ಫುಚೂ. ಸುತ್ತ ಹಿರೋಶಿಮಾ ನಗರವೇ ಇದ್ದರೂ ಇದು ನಗರಕ್ಕೆ ಸೇರದ ಬೇರೆ ಪಟ್ಟಣ. ಮ್ಯೂಸಿಯಂ ಕಾರ್ಖಾನೆಯ ಆವರಣದಲ್ಲೇ ಇದೆ, ದುಡ್ಡಿಲ್ಲ, ಮೊದಲೇ ಹೆಸರು ನೋಂದಾಯಿಸಿಕೊಂಡಿರಬೇಕು. ಕಾರು ಕೊಳ್ಳುವವರಿಗೆ ಮ್ಯೂಸಿಯಂ ಯಾಕೆ ಅನ್ನಬಹುದು. ಹಳೆಯ ಕಾರು ಕೊಂಡರೆ ಅದರ ಜೊತೆ ಬಹಳ ದಿನ ಏಗಬೇಕು. ಏಗುವುದಕ್ಕೆ ಕಾರಣ ಬೇಕಲ್ಲ, ಅದು ಅಲ್ಲಿ ಸಿಗುತ್ತದೆ.

ಕಂಪನಿ ಶುರುವಾದದ್ದು 1920ರಲ್ಲಿ, ಬಿರಡೆ ಮಾಡಲು. ಟೋಯೋ ಕಾರ್ಕ್ ಕೋಗ್ಯೋ ಅಂತ ಹೆಸರು. ಮರುವರ್ಷ ಜುಜಿರೋ ಮತ್ಸುದಾ ಅದರ ಮುಖ್ಯಸ್ಥರಾದರು, ಬಿರಡೆಯಿಂದ ಯಂತ್ರಗಳ ಕಡೆಗೆ ತಿರುಗಿಸಿದರು. 1931ರಲ್ಲಿ ಮೂರು ಚಕ್ರದ ಸರಕು ಗಾಡಿ ಬಂತು, ಅದಕ್ಕೆ ಮಜ್ದಾ ಎಂದು ಹೆಸರಿಟ್ಟರು. ಜಪಾನಿಯರ ಬಾಯಲ್ಲಿ ಇವತ್ತಿಗೂ ಅದು ಮತ್ಸುದಾ, ಅವರ ಮನೆತನದ ಹೆಸರೇ. ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಪಾರಸಿಗಳ ದೇವರಾದ ಅಹುರ ಮಜ್ದಾನ ಹೆಸರು. ಅಹುರ ಎಂಬುದು ನಮ್ಮ ಅಸುರ ಶಬ್ದದ ಒಡಹುಟ್ಟು, ಮಜ್ದಾ ಎಂಬುದು ಮೇಧಾ ಶಬ್ದದ ನಂಟು. ಇದನ್ನು ಓಜಿಸಾನ್‌ಗೆ ಹೇಳಿದೆ. "ಹಾಗಾದರೆ ನಿಮ್ಮ ಕಡೆಯ ಹೆಸರೇ ಆಯಿತಲ್ಲ, ಡಿಸ್ಕೌಂಟ್ ಕೇಳಬೇಕಿತ್ತು" ಅಂದರು.

ಮ್ಯೂಸಿಯಮ್ಮಿನಲ್ಲಿ ಆ ಮೂರು ಚಕ್ರದ ಗಾಡಿಯನ್ನು ನೋಡದೆ ಬರಬೇಡಿ. 1945ರ ಆಗಸ್ಟ್ 6ರಂದು ಬಾಂಬು ಬಿದ್ದ ಜಾಗದಿಂದ ಈ ಕಾರ್ಖಾನೆಗೆ ಸುಮಾರು 5 ಕಿಲೋಮೀಟರ್. ನಡುವೆ ಹಿಜಿಯಾಮಾ ಎಂಬ ಸಣ್ಣ ಗುಡ್ಡ. ಆ ಗುಡ್ಡ ಅಡ್ಡ ನಿಂತದ್ದರಿಂದ ಕಟ್ಟಡಗಳು ಉಳಿದವು. ಜುಜಿರೋ ಅವರ 70ನೆಯ ಹುಟ್ಟುಹಬ್ಬ ಅವತ್ತೇ. ಅವರು ಬದುಕಿದರು, ಮಗನೊಬ್ಬನನ್ನು ಕಳೆದುಕೊಂಡರು. ಊರೇ ಬೂದಿಯಾದ ಮೇಲೆ ಪ್ರಾಂತ ಸರ್ಕಾರದ ಕಚೇರಿ ಈ ಕಾರ್ಖಾನೆಯಲ್ಲಿ ಬಂದು ಕೂತಿತು. ಅದೇ ವರ್ಷ ಡಿಸೆಂಬರಿನಲ್ಲಿ ಮೂರು ಚಕ್ರದ ಗಾಡಿ ಮತ್ತೆ ತಯಾರಾಗಿ ಹೊರಬಂತು. ನಾಲ್ಕೇ ತಿಂಗಳು. ಇಲ್ಲಿನ ಹಿರಿಯರು ಮಜ್ದಾ ಬಗ್ಗೆ ಮಾತಾಡುವಾಗ ದನಿ ಬೇರೆಯಾಗುವುದು ಇದಕ್ಕೆ. ಇಲ್ಲಿನ ಬೇಸ್‌ಬಾಲ್ ತಂಡ ಹಿರೋಶಿಮಾ ಟೋಯೋ ಕಾರ್ಪ್ ಹೆಸರಿನ ನಡುವೆ ಇರುವ ಟೋಯೋ ಕೂಡ ಈ ಕಂಪನಿಯ ಹಳೆಯ ಹೆಸರಿನದೇ.

ರೋಟರಿ ಇಂಜಿನ್ನಿನ ಕಥೆಗೆ ಬೇರೆಯೇ ಬರಹ ಬೇಕು. ಪಿಸ್ಟನ್ ಇಲ್ಲದೆ ತಿರುಗುವ ತ್ರಿಕೋನದ ಆ ಇಂಜಿನ್ನಿನ ಹಕ್ಕನ್ನು ಜರ್ಮನಿಯ ಎನ್‌ಎಸ್‌ಯು ಕಂಪನಿಯಿಂದ 1961ರಲ್ಲಿ ತಂದರು. ಒಳಗೋಡೆಯ ಮೇಲೆ ಗೀರು ಬೀಳುತ್ತಿತ್ತು, ಅದಕ್ಕೆ ಸೈತಾನನ ಉಗುರಿನ ಗುರುತು ಅಂತ ಹೆಸರಾಯಿತು. ಕೆನಿಚಿ ಯಾಮಾಮೋಟೋ ಮತ್ತು ಅವರ ಜೊತೆಗಾರರು, ಒಟ್ಟು 47 ಜನ, ಅದರ ಬೆನ್ನು ಹತ್ತಿದರು. 1967ರಲ್ಲಿ ಆ ಇಂಜಿನ್ನಿನ ಕಾರು ಕಾಸ್ಮೋ ಸ್ಪೋರ್ಟ್ ಬಂತು. 1973ರಲ್ಲಿ ಎಣ್ಣೆ ಬೆಲೆ ಏರಿದಾಗ ಪೆಟ್ರೋಲ್ ಕುಡಿಯುವ ಇದೇ ಇಂಜಿನ್ ಕಂಪನಿಯನ್ನು ಮುಳುಗುವ ಅಂಚಿಗೆ ತಂದಿತು, ಕಾರ್ಖಾನೆಯ ಸಾವಿರಾರು ಕೆಲಸಗಾರರನ್ನು ಶೋರೂಮುಗಳಿಗೆ ಕಾರು ಮಾರಲು ಕಳಿಸಿದರು. ಹಾಗಿದ್ದೂ ಬಿಡಲಿಲ್ಲ. 1991ರ ಲ ಮಾನ್ಸ್ 24 ಗಂಟೆ ಓಟದಲ್ಲಿ 55ನೆಯ ನಂಬರಿನ ಮಜ್ದಾ ರೋಟರಿ ಕಾರು 787ಬಿ, 362 ಸುತ್ತು ಹೊಡೆದು ಗೆದ್ದಿತು. ಲ ಮಾನ್ಸ್ ಗೆದ್ದ ಮೊದಲ ಜಪಾನೀ ಕಂಪನಿ ಇದೇ. ಕೊನೆಗೆ ಓಡಿಸಿದ ಜಾನಿ ಹರ್ಬರ್ಟ್ ಮೈಯಲ್ಲಿ ನೀರಿಲ್ಲದೆ ಕುಸಿದು ವೇದಿಕೆ ಹತ್ತಲಾಗಲಿಲ್ಲ. ಆ ಓಟದ ಕಾರುಗಳಲ್ಲಿ ಒಂದು ಮ್ಯೂಸಿಯಮ್ಮಿನಲ್ಲಿದೆ, ಕಿತ್ತಳೆ ಹಸಿರು ಬಣ್ಣದ್ದು. ನೋಡಿ, ಫೋಟೋ ತೆಗೆದುಕೊಳ್ಳಿ, ಆಮೇಲೆ ರೋಟರಿ ಕಾರು ಕೊಳ್ಳುವ ಆಸೆಯನ್ನು ಅಲ್ಲೇ ಬಿಟ್ಟು ಬನ್ನಿ. ಮೊದಲ ಹಳೆ ಕಾರಾಗಿ ಅದು ಬೇಡ. ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರುವವರು ಬರಲಿ.

ಇದು ಇಷ್ಟು ಹಗುರ ಯಾಕೆ

1979ರಲ್ಲಿ ಬಾಬ್ ಹಾಲ್ ಎಂಬ ಅಮೆರಿಕದ ಪತ್ರಕರ್ತ ಯಾಮಾಮೋಟೋ ಅವರನ್ನು ಕಂಡಾಗ, ನಾವು ಮುಂದೆ ಏನು ಮಾಡಬೇಕು ಅಂತ ಅವರು ಕೇಳಿದರಂತೆ. ಹಳೆಯ ಇಂಗ್ಲಿಷ್ ಕಾರುಗಳ ಹಾಗೆ ಹಗುರವಾದ, ಟಾಪು ಬಿಚ್ಚುವ, ಎರಡೇ ಸೀಟಿನ, ಕಡಿಮೆ ಬೆಲೆಯ ಕಾರು ಅಂದ ಆತ. ಆ ಹೊತ್ತಿಗೆ ಅಂಥ ಕಾರು ಮಾಡುವವರು ಹೆಚ್ಚುಕಡಿಮೆ ಇಲ್ಲವಾಗಿದ್ದರು. ಟೋಕಿಯೋದ ತಂಡ ಬೇರೆ ನಕ್ಷೆ ತಂದಿತು, ಕ್ಯಾಲಿಫೋರ್ನಿಯಾದ ತಂಡ ಇಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ ಅಂತ ಹಟ ಹಿಡಿದು ಗೆದ್ದಿತು. ಕೆಲಸವನ್ನು ತೋಶಿಹಿಕೋ ಹಿರಾಯಿ ನಡೆಸಿದರು. ಅವರು ಹಿಡಿದುಕೊಂಡಿದ್ದ ಮಾತು ಜಿನ್‌ಬಾ ಇತ್ತಾಯಿ, ಅಂದರೆ ಸವಾರನೂ ಕುದುರೆಯೂ ಒಂದೇ ಮೈ.

1989ರ ಫೆಬ್ರವರಿಯಲ್ಲಿ ಶಿಕಾಗೋದಲ್ಲಿ ತೋರಿಸಿದರು, ಸೆಪ್ಟೆಂಬರಿನಲ್ಲಿ ಜಪಾನಿನಲ್ಲಿ ಮಾರತೊಡಗಿದರು. ಬೆಲೆ 17 ಲಕ್ಷ ಯೆನ್. ತೂಕ 940 ಕೆಜಿ, ಇಂಜಿನ್ 1.6 ಲೀಟರ್, ಶಕ್ತಿ 120 ಪಿಎಸ್, ಅಂದರೆ ಅಶ್ವಶಕ್ತಿ. ಇವತ್ತಿನ ಲೆಕ್ಕದಲ್ಲಿ 120 ಏನೂ ಅಲ್ಲ. ಆದರೆ ಬಾನೆಟ್ಟು ಅಲ್ಯೂಮಿನಿಯಂ, ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಷನ್, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿಗೆ ಉದ್ದಕ್ಕೂ ಒಂದು ಅಲ್ಯೂಮಿನಿಯಂ ಚೌಕಟ್ಟು. ಆ ಚೌಕಟ್ಟಿನಿಂದಾಗಿ ಕಾಲು ಒತ್ತಿದ ತಕ್ಷಣ ಹಿಂದಿನ ಚಕ್ರ ಉತ್ತರ ಕೊಡುತ್ತದೆ, ನಡುವೆ ಜೋಲು ಇಲ್ಲ. ಗಂಟೆಗೆ 40 ಕಿಲೋಮೀಟರಿನಲ್ಲೇ ಖುಷಿ ಕೊಡುವ ಕಾರು ನಾನು ಇದೊಂದೇ ನೋಡಿದ್ದು. ಹಿಂದಿನ ದೀಪಗಳ ಆಕಾರ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. 2016ರ ಏಪ್ರಿಲಿನಲ್ಲಿ ಎಲ್ಲ ತಲೆಮಾರೂ ಸೇರಿ ಹತ್ತು ಲಕ್ಷನೆಯ ಕಾರು ತಯಾರಾಯಿತು.

ಯೂನೋಸ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ದುಡ್ಡು ಉಕ್ಕುತ್ತಿದ್ದ ಆ ವರ್ಷಗಳಲ್ಲಿ ಮಜ್ದಾ ಐದು ಬೇರೆ ಬೇರೆ ಹೆಸರಿನ ಮಾರಾಟ ಜಾಲ ಮಾಡಿಕೊಂಡಿತ್ತು, ಯೂನೋಸ್ ಅದರಲ್ಲೊಂದು. ಆ ದುಡ್ಡಿನ ಗುಳ್ಳೆ ಒಡೆಯಿತು, ಜಾಲವೂ ಹೋಯಿತು, ಆಗಲೇ ಪಾಲು ಹೊಂದಿದ್ದ ಫೋರ್ಡ್ 1996ರಲ್ಲಿ ಹಿಡಿತ ತೆಗೆದುಕೊಂಡಿತು. ಕಾರಿನ ಮೂಗಿನ ಮೇಲೆ ಮಾತ್ರ ಆ ಹೆಸರು ಉಳಿದಿದೆ. ಜಾಹೀರಾತಿನಲ್ಲಿ ಹುಡುಕುವಾಗ ಯೂನೋಸ್, ಮಜ್ದಾ ಎರಡೂ ಹೆಸರು ಹಾಕಿ ನೋಡಿ.

ಯಾವ ವರ್ಷದ್ದು

ಗೇರಿನದೇ ತೆಗೆದುಕೊಳ್ಳಿ, ಆಟೋಮ್ಯಾಟಿಕ್ ಬೇಡ. 1993ರ ತನಕ 1.6, ಆಮೇಲೆ 1.8. ನನಗೆ 1.6 ಇಷ್ಟ, ಮೂಗು ಹಗುರ, ತೆರಿಗೆಯಲ್ಲೂ ಒಂದು ಲಾಭವಿದೆ, ಮುಂದೆ ಹೇಳುತ್ತೇನೆ. ಹಸಿರು ಬಣ್ಣ, ಕಂದು ಚರ್ಮದ ಸೀಟು, ಮರದ ಸ್ಟಿಯರಿಂಗ್ ಇರುವ ವಿ-ಸ್ಪೆಷಲ್ ಕಂಡರೆ ಎಲ್ಲರೂ ಕರಗುತ್ತಾರೆ, ಮಾರುವವರಿಗೂ ಅದು ಗೊತ್ತು. ಮೊದಲ ಒಂದೆರಡು ವರ್ಷದ 1.6 ಇಂಜಿನ್ನುಗಳಲ್ಲಿ ಕ್ರ್ಯಾಂಕಿನ, ಅಂದರೆ ಪಿಸ್ಟನ್ನುಗಳು ತಿರುಗಿಸುವ ದಂಡದ, ಮೂಗು ಗಿಡ್ಡ, ಅಲ್ಲಿ ಪುಲ್ಲಿ ಸಡಿಲಾಗಿ ಕ್ರ್ಯಾಂಕೇ ಕೆಡುವುದುಂಟು. ಇಂಜಿನ್ನಿನ ಮುಂದೆ ಟಾರ್ಚು ಬಿಟ್ಟು ಕ್ರ್ಯಾಂಕ್ ಪುಲ್ಲಿಯ ನಡುಭಾಗ ನೋಡಿ: ನಾಲ್ಕು ಸೀಳಿದ್ದರೆ ಹಳೆಯ ಗಿಡ್ಡ ಮೂಗು, ಎಂಟಿದ್ದರೆ ತಿದ್ದಿದ್ದು. ನಾಲ್ಕಿದ್ದರೂ ಚೆನ್ನಾಗಿ ಓಡುತ್ತಿರುವ ಕಾರು ಎಷ್ಟೋ ಇವೆ. ಆ ಪುಲ್ಲಿ ಬಿಚ್ಚುವವರು ತಿಳಿದವರಾಗಿರಬೇಕು, ಅಷ್ಟೇ.

ಲೋಟ, ಮ್ಯಾಗ್ನೆಟ್, ಮೂಗು

ಈಗ ನಿಜವಾದ ಕೆಲಸ. ಫ್ರಿಜ್ಜಿನ ಮೇಲೆ ಅಂಟಿಸುವ ಮ್ಯಾಗ್ನೆಟ್ ಒಂದು, ಅದನ್ನು ಸುತ್ತಲು ಕರ್ಚೀಫು, ಟಾರ್ಚು, ನೀರಿನ ಬಾಟಲಿ, ಲೋಟ, ಮಂಡಿ ಊರಲು ಒಂದು ಹಳೆ ಚೀಲ. ಇಷ್ಟು ಒಯ್ಯಿರಿ. ಮಳೆ ಬಂದ ಮರುದಿನ ಹೋದರೆ ಇನ್ನೂ ಒಳ್ಳೆಯದು.

ಟಾಪಿನ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ಅರ್ಥ ಮಾಡಿಕೊಳ್ಳಿ. ಹಿಂದಕ್ಕೆ ಇಳಿದ ನೀರು ಸೀಟುಗಳ ಹಿಂದೆ, ಟಾಪಿನ ಬುಡದಲ್ಲಿರುವ ಒಂದು ಕಾಲುವೆಗೆ ಸೇರುತ್ತದೆ. ಕಾಲುವೆ ಎರಡೂ ಬದಿಗೆ ಇಳಿದು ಸೀಟ್‌ಬೆಲ್ಟಿನ ಕಂಬಗಳ ಹಿಂದಿನ ತೂತಿಗೆ ಬರುತ್ತದೆ. ಅಲ್ಲಿಂದ ಒಂದು ಕೊಳವೆ ಕೆಳಗಿಳಿದು ಹಿಂದಿನ ಚಕ್ರದ ಸ್ವಲ್ಪ ಮುಂದೆ, ಜಾಕ್ ಕೊಡುವ ಜಾಗದ ಹತ್ತಿರ, ನೀರನ್ನು ನೆಲಕ್ಕೆ ಬಿಡುತ್ತದೆ. ಇಷ್ಟೇ ವ್ಯವಸ್ಥೆ, ಚೆನ್ನಾಗಿಯೇ ಇದೆ. ಆದರೆ ಮರದ ಕೆಳಗೆ ನಿಲ್ಲಿಸಿದ ಕಾರಿನಲ್ಲಿ ವರ್ಷಗಟ್ಟಲೆ ಎಲೆ, ಪೈನ್ ಸೂಜಿ, ಧೂಳು ಸೇರಿ ಆ ತೂತಿನಲ್ಲಿ ಕರಿ ಗೊಬ್ಬರವಾಗುತ್ತದೆ. ದಾರಿ ಕಟ್ಟಿಕೊಂಡ ನೀರು ಕಾಲುವೆ ತುಂಬಿ ಕಾರ್ಪೆಟ್ಟಿನ ಕೆಳಗೆ ಹರಿಯುತ್ತದೆ, ಹೊಸ್ತಿಲ ಪೆಟ್ಟಿಗೆಯೊಳಗೆ ಇಳಿಯುತ್ತದೆ. ಅಲ್ಲಿ ಗಾಳಿಯಿಲ್ಲ, ಬಿಸಿಲಿಲ್ಲ. ತುಕ್ಕು ಒಳಗಿಂದ ಹೊರಗೆ ತಿನ್ನುತ್ತ ಬರುತ್ತದೆ. ಬಣ್ಣದ ಮೇಲೆ ಒಂದು ಸಣ್ಣ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಹಪ್ಪಳವಾಗಿರುತ್ತದೆ. ಮೇಲೆ ಥಳಕು, ಒಳಗೆ ಹುಳುಕು.

ಆದ್ದರಿಂದ ಮಾರುವವರ ಅನುಮತಿ ಕೇಳಿ ಸೀಟ್‌ಬೆಲ್ಟಿನ ಕಂಬದ ಹಿಂದೆ ಲೋಟದಿಂದ ನಿಧಾನವಾಗಿ ನೀರು ಬಿಡಿ. ಸುರಿಯಬೇಡಿ, ಗಿಡಕ್ಕೆ ಹನಿಸುವಂತೆ ಬಿಡಿ. ಇನ್ನೊಬ್ಬರನ್ನು ಹಿಂದಿನ ಚಕ್ರದ ಮುಂದೆ ಕೂರಿಸಿ. ಕೆಲವೇ ಕ್ಷಣದಲ್ಲಿ ನೆಲದ ಮೇಲೆ ಟಪ್ ಟಪ್ ಕೇಳಿಸಬೇಕು. ಕೇಳಿಸಿದರೆ ಇನ್ನೊಂದು ಬದಿ. ಕೇಳಿಸದಿದ್ದರೆ ಅಲ್ಲಿಗೆ ನಿಲ್ಲಿಸಿ, ನೀರು ಎಲ್ಲಿಗೆ ಹೋಯಿತು ಅಂತ ಮಾರುವವರ ಮುಖ ನೋಡಿ. ನೀರು ಬಿಡಲು ಬಿಡುವುದಿಲ್ಲ ಅಂದರೆ ಅದೂ ಒಂದು ಉತ್ತರವೇ.

ಮುಂದೆ ಹೊಸ್ತಿಲು. ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆ, ಅದರ ಹಿಂದಿನ ಒಂದು ಗೇಣು, ಚಕ್ರಕ್ಕೆ ತಾಕುವ ತನಕ. ಬೆರಳ ಗೆಣ್ಣಿನಿಂದ ಮುಂದಿನಿಂದ ಹಿಂದಕ್ಕೆ ಬಡಿಯುತ್ತ ಬನ್ನಿ. ತಗಡಾದರೆ ಟಣ್ ಟಣ್ ಅನ್ನುತ್ತದೆ, ಪುಟ್ಟಿ ಮೆತ್ತಿದ್ದರೆ ಹಲಗೆ ಬಡಿದಂತೆ ಡಬ್ ಅನ್ನುತ್ತದೆ. ಅನುಮಾನ ಬಂದ ಕಡೆ ಕರ್ಚೀಫು ಸುತ್ತಿದ ಮ್ಯಾಗ್ನೆಟ್ ಇಡಿ. ತಗಡು ಹಿಡಿಯುತ್ತದೆ, ಪುಟ್ಟಿಯಿಂದ ಜಾರಿ ಬೀಳುತ್ತದೆ. ನನ್ನ ಕಾರಿನಲ್ಲಿ ಹಾಗೆ ಮಾಡಿದ್ದರೆ ಒಂದು ಅಂಗೈ ಅಗಲದ ಜಾಗದಲ್ಲಿ ಮ್ಯಾಗ್ನೆಟ್ ನಿಲ್ಲುತ್ತಲೇ ಇರಲಿಲ್ಲ. ಹಿಂದೆ ಯಾರೋ ತುಕ್ಕಿನ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಹೊಚ್ಚ ಹೊಸ ನೀಲಿ ಹೊಡೆದಿದ್ದರು. ಮಾರಿದವರು ಫೋನ್ ಎತ್ತಿ, ರಿಪೇರಿ ಚರಿತ್ರೆ ಇಲ್ಲ ಅಂತ ಬರೆದಿದ್ದೆವು, ಅದು ಸುಳ್ಳಲ್ಲ ಅಂದರು. ಹೌದು, ಸುಳ್ಳಲ್ಲ. ಜಾಹೀರಾತಿನ ಆ ಮಾತು ಅಪಘಾತದಲ್ಲಿ ಚೌಕಟ್ಟು ಬಾಗಿ ತಿದ್ದಿದ್ದಕ್ಕೆ ಮಾತ್ರ ಸಂಬಂಧಿಸಿದ್ದು. ತುಕ್ಕು ಆ ಲೆಕ್ಕಕ್ಕೆ ಬರುವುದಿಲ್ಲ. ಕತ್ತರಿಸಿ ಹೊಸ ತಗಡು ಬೆಸೆಯಲು ಓಜಿಸಾನ್ ಮಗ 2 ಲಕ್ಷ 30 ಸಾವಿರ ಯೆನ್ ತೆಗೆದುಕೊಂಡರು, ಅದೂ ನೆರೆಮನೆ ಅಂತ.

ಒಳಗೆ ಕೂತು ಸೀಟಿನ ಹಿಂದಿನ ಕಾರ್ಪೆಟ್ಟನ್ನು ಅಂಗೈಯಿಂದ ಒತ್ತಿ. ತಣ್ಣಗಿದ್ದರೆ ಒದ್ದೆ. ಬಾಗಿಲು ಮುಚ್ಚಿಕೊಂಡು ಒಂದು ನಿಮಿಷ ಸುಮ್ಮನೆ ಉಸಿರಾಡಿ. ಮುಗ್ಗಲು ವಾಸನೆಯನ್ನು ಯಾವ ಸುಗಂಧದ ಡಬ್ಬಿಯೂ ಪೂರ್ತಿ ಮುಚ್ಚಲಾರದು. ಸುಗಂಧ ಜೋರಾಗಿದ್ದರೆ ನಾನಂತೂ ಎರಡು ಸಲ ಮೂಸುತ್ತೇನೆ.

ಡಿಕ್ಕಿ ತೆಗೆಯಿರಿ. ಈ ಕಾರಿನ ಬ್ಯಾಟರಿ ಬಾನೆಟ್ಟಿನಲ್ಲಿಲ್ಲ, ಡಿಕ್ಕಿಯ ಬಲಮೂಲೆಯಲ್ಲಿದೆ. ಅಲ್ಲಿಗೆ ಆಸಿಡ್ ಹೊರಬಿಡದ ಮುಚ್ಚಿದ ಬಗೆಯ ಬ್ಯಾಟರಿ, ಗಾಳಿ ಹೊರಗೆ ಹೋಗಲು ಸಣ್ಣ ಕೊಳವೆ, ಎರಡೂ ಬೇಕು. ದುಡ್ಡು ಉಳಿಸಲು ಸಾಮಾನ್ಯ ಬ್ಯಾಟರಿ ಕೂರಿಸಿದವರ ಕಾರಿನಲ್ಲಿ ಅದರ ಕೆಳಗಿನ ತಗಡು ಬಣ್ಣ ಕಳೆದುಕೊಂಡು ಬಿಳಿಪುಡಿ ಹಿಡಿದಿರುತ್ತದೆ. ಬ್ಯಾಟರಿ ಎತ್ತಿಸಿ ನೋಡಿ.

ಕಾರು ಯಾವ ಊರಿನಲ್ಲಿ ಬದುಕಿತ್ತು ಎಂದೂ ಕೇಳಿ. ಹಿಮ ಬೀಳುವ ಕಡೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಕೆಳಹೊಟ್ಟೆ ಅದರಲ್ಲಿ ನೆನೆದಿರುತ್ತದೆ. ಹಿರೋಶಿಮಾ ಅಂದರೆ ಸಮುದ್ರ ಅಂತ ಮಾತ್ರ ತಿಳಿಯಬೇಡಿ, ಇದೇ ಪ್ರಾಂತದ ಉತ್ತರದ ಬೆಟ್ಟಗಳಲ್ಲಿ ಸ್ಕೀ ಜಾರುವಷ್ಟು ಹಿಮವಿದೆ.

ಇಂಜಿನ್ನಿಗೆ ಅರ್ಧ ಗಂಟೆ ಸಾಕು

ಇಂಜಿನ್ ಗಟ್ಟಿ. ಹೋಗುವ ಮೊದಲೇ ಫೋನ್ ಮಾಡಿ, ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅನ್ನಿ. ಬಾನೆಟ್ಟು ಮುಟ್ಟಿ ನೋಡಿ, ತಣ್ಣಗಿರಬೇಕು. ಸ್ಟಾರ್ಟ್ ಆದಾಗ ಹೊಲಿಗೆ ಯಂತ್ರದಂತೆ ಟಿಕ್ ಟಿಕ್ ಸದ್ದು ಬಂದರೆ ಹೆದರಬೇಡಿ, ವಾಲ್ವುಗಳ ಮೇಲಿನ ಎಣ್ಣೆ ತುಂಬುವ ಬಟ್ಟಲುಗಳು ಬಡಿಯುವುದು ಅದು. ಬಿಸಿಯಾದ ಮೇಲೆ ನಿಲ್ಲಬೇಕು. ಇಂಜಿನ್ನಿನ ಹಿಂಭಾಗದಲ್ಲಿ, ಕ್ಯಾಬಿನ್ ಗೋಡೆಯ ಕಡೆ, ಒಂದು ಸೆನ್ಸರಿದೆ. ಅದರ ರಬ್ಬರ್ ಉಂಗುರ ಒಣಗಿ ಎಣ್ಣೆ ಜಿನುಗುತ್ತದೆ. ಸಣ್ಣ ಖರ್ಚು, ಚೌಕಾಸಿಗೆ ಒಳ್ಳೆಯದು. ಟೈಮಿಂಗ್ ಬೆಲ್ಟ್ 1 ಲಕ್ಷ ಕಿಲೋಮೀಟರಿಗೆ ಬದಲಿಸಬೇಕು, ಬದಲಿಸಿದ್ದರೆ ಬಾನೆಟ್ಟಿನ ಒಳಗೆ ಚೀಟಿ ಅಂಟಿಸಿರುತ್ತಾರೆ. 1.6ರಲ್ಲಿ ಬೆಲ್ಟು ತುಂಡಾದರೂ ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುವುದಿಲ್ಲ, ದಾರಿಯಲ್ಲಿ ನಿಲ್ಲುತ್ತೀರಿ, ಅಷ್ಟೆ.

ಕ್ಲಚ್ ಒತ್ತಿ ಒಂದು ನಿಮಿಷ ಹಿಡಿಯಿರಿ. ಪೆಡಲು ತಾನಾಗಿ ನೆಲಕ್ಕೆ ಇಳಿದರೆ ಗೇರ್‌ಬಾಕ್ಸಿನ ಪಕ್ಕದ ಸಿಲಿಂಡರ್ ಸೋರುತ್ತಿದೆ. ಹೆಡ್‌ಲೈಟ್ ಎತ್ತುವ ಗುಂಡಿ ಒತ್ತಿ ಎರಡೂ ಒಟ್ಟಿಗೆ ಏಳುತ್ತವಾ ನೋಡಿ. ಒಂದು ಕಣ್ಣು ಹೊಡೆದರೆ ಮುದ್ದಾಗಿರುತ್ತದೆ, ಶಾಕೆನ್ ಮಾಡುವವರಿಗೆ ಮುದ್ದೆನಿಸುವುದಿಲ್ಲ.

ಓಡಿಸುವಾಗ ಮೊದಲ ಐದು ನಿಮಿಷ ಎರಡನೇ ಗೇರು ಮೊಂಡುತನ ಮಾಡುತ್ತದೆ, ಎಣ್ಣೆ ಬಿಸಿಯಾದರೆ ಸರಿಹೋಗಬೇಕು. ರೇಡಿಯೋ ಹಾಕಲು ಬಿಡಬೇಡಿ.

ಕಾಗದ, ದುಡ್ಡು

ಕಿರೋಕುಬೋ ಕೇಳಿ, ಹಳೆಯ ಸರ್ವಿಸ್ ದಾಖಲೆ ಪುಸ್ತಕ ಅದು. ಇರುವ ಕಾರಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಶಾಕೆನ್ ದಾಖಲೆಯಲ್ಲಿ ಹಿಂದಿನ ತಪಾಸಣೆಯ ದಿನ ಎಷ್ಟು ಓಡಿತ್ತು ಅಂತ ಇರುತ್ತದೆ, ಮೀಟರಿನ ಜೊತೆ ಹೋಲಿಸಿ.

ನಿಲ್ಲಿಸಲು ಜಾಗ ಮೊದಲು, ಕಾರು ಆಮೇಲೆ. ಮನೆಯಿಂದ ನೇರ ಗೆರೆಯಲ್ಲಿ 2 ಕಿಲೋಮೀಟರಿನ ಒಳಗೆ ಜಾಗವಿದೆ ಅಂತ ಪೊಲೀಸ್ ಠಾಣೆಯಿಂದ ಶಾಕೋ ಶೋಮೇಯಿ ಎಂಬ ಪತ್ರ ತರಬೇಕು, ಕೆಲವು ದಿನ ಹಿಡಿಯುತ್ತದೆ. ಮೇಲೆ ಮಾಡು ಇರುವ ಜಾಗ ಸಿಕ್ಕರೆ ತಿಂಗಳಿಗೆ ನಾಲ್ಕು ಸಾವಿರ ಹೆಚ್ಚಾದರೂ ಹಿಡಿಯಿರಿ. ಮರದ ಕೆಳಗಿನ ಜಾಗ ಪುಕ್ಕಟೆ ಕೊಟ್ಟರೂ ಬೇಡ. ಹೆಸರಿಗೆ ಮಾಡಿಸಲು ನೋಂದಾಯಿಸಿದ ಹ್ಯಾಂಕೋ, ಅಂದರೆ ಸಹಿಯ ಬದಲು ಒತ್ತುವ ಹೆಸರಿನ ಮುದ್ರೆ, ಮತ್ತು ಅದರ ಪ್ರಮಾಣಪತ್ರ ಬೇಕು. ನನ್ನ ಹೆಸರನ್ನು ಅದರ ಮೇಲೆ ಜಪಾನೀ ಕತಕಾನ ಲಿಪಿಯಲ್ಲಿ ಕೆತ್ತಿಸಿಕೊಂಡ ದಿನ ಕಾರಿಗಿಂತ ಅದರ ಮೇಲೇ ಹೆಚ್ಚು ಪ್ರೀತಿ ಬಂದಿತ್ತು.

13 ವರ್ಷ ದಾಟಿದ ಕಾರಿಗೆ ಇಲ್ಲಿ ತೆರಿಗೆ ಹೆಚ್ಚು. 1.5ರಿಂದ 2 ಲೀಟರಿನ ಒಳಗಿನ ಇಂಥ ಹಳೆ ಕಾರಿಗೆ ವರ್ಷಕ್ಕೆ 45,400 ಯೆನ್ ಸುಮಾರಿಗೆ, ಮೇ ತಿಂಗಳಲ್ಲಿ ಚೀಟಿ ಬರುತ್ತದೆ. ಏಪ್ರಿಲ್ 1ರಂದು ಯಾರ ಹೆಸರಿನಲ್ಲಿದೆಯೋ ಅವರಿಗೆ ಚೀಟಿ, ಮಾರ್ಚಿನಲ್ಲಿ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ಶಾಕೆನ್ ಹೊತ್ತಿಗೆ ತೂಕದ ತೆರಿಗೆ ಬೇರೆ. 18 ವರ್ಷ ದಾಟಿದ್ದು 1 ಟನ್ನಿನ ಒಳಗಿದ್ದರೆ ಎರಡು ವರ್ಷಕ್ಕೆ 25,200 ಯೆನ್. ದಾಟಿದರೆ 37,800. 1.6 ಆರಾಮವಾಗಿ ಒಳಗೆ ಉಳಿಯುತ್ತದೆ, 1.8ರಲ್ಲಿ ಕೆಲವು ಹತ್ತಿಪ್ಪತ್ತು ಕೆಜಿಯಿಂದ ಹೊರಗೆ ಬೀಳುತ್ತವೆ. ಹಿರಾಯಿ ಅವರ ತಂಡ ಗ್ರಾಂ ಗ್ರಾಂ ಲೆಕ್ಕ ಹಾಕಿದ್ದು ನನ್ನ ತೆರಿಗೆಗಲ್ಲ, ಆದರೂ ಪ್ರತಿ ಸಲ ಮನಸ್ಸಿನಲ್ಲೇ ನಮಸ್ಕಾರ ಹೇಳುತ್ತೇನೆ.

ಬಿಡಿಭಾಗಗಳ ಚಿಂತೆ ಬೇಡ. 2017ರಲ್ಲಿ ಮಜ್ದಾ ಈ ಮೊದಲ ತಲೆಮಾರನ್ನು ಹೊಸದಾಗಿಸಿ ಕೊಡುವ ಕೆಲಸ ಶುರು ಮಾಡಿತು, ನಿಂತುಹೋಗಿದ್ದ ಎಷ್ಟೋ ಭಾಗಗಳನ್ನು ಮತ್ತೆ ಮಾಡಿಸಿತು. ಟಾಪಿನ ಬಟ್ಟೆ, ಮರದ ಸ್ಟಿಯರಿಂಗ್, ಮೊದಲಿನ ನಮೂನೆಯ ಬ್ರಿಜ್‌ಸ್ಟೋನ್ ಟೈರು ಕೂಡ.

ಮನೆಗೆ ತಂದ ಮೇಲೆ

ಅದೇ ವಾರ ಎರಡೂ ಕೊಳವೆ ಬಿಡಿಸಿ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ಇದಕ್ಕೆ ಸರಿ, ತುದಿಯನ್ನು ಬೆಂಕಿಗೆ ಹಿಡಿದು ಗುಂಡಗೆ ಮಾಡಿಕೊಳ್ಳಿ. ತಂತಿ ಹಾಕಬೇಡಿ, ಕೊಳವೆ ಹರಿಯುತ್ತದೆ. ಕಂಪ್ರೆಸರಿನಿಂದ ಗಾಳಿ ಹೊಡೆಯಬೇಡಿ, ಕೊಳವೆ ಬುಡದಿಂದ ಕಳಚಿಕೊಂಡರೆ ಅದನ್ನು ಮತ್ತೆ ಕೂರಿಸಲು ಅರ್ಧ ಕಾರು ಬಿಚ್ಚಬೇಕು. ನನ್ನದರಿಂದ ಮೊದಲ ಸಲ ಬಂದದ್ದು ಒಂದು ಹಿಡಿ ಕರಿ ಮಣ್ಣು, ಅದರೊಳಗೆ ಒಂದು ಮೊಳಕೆ. ಓಜಿಸಾನ್ ಅದನ್ನು ಕುಂಡದಲ್ಲಿ ನೆಟ್ಟರು. ಮೇಪಲ್, ಈಗ ಮೊಣಕಾಲೆತ್ತರ.

ಟಾಪು ಬಿಚ್ಚುವಾಗ ಹಿಂದಿನ ಪ್ಲಾಸ್ಟಿಕ್ ಕಿಟಕಿಯ ಜಿಪ್ಪು ಮೊದಲು ಎಳೆದು, ಕಿಟಕಿಯನ್ನು ಚಪ್ಪಟೆಯಾಗಿ ಮಲಗಿಸಿ, ಮೇಲೊಂದು ಟವೆಲ್ ಹಾಸಿ, ಆಮೇಲೆ ಮಡಿಸಿ. ಚಳಿಗಾಲದ ಬೆಳಿಗ್ಗೆ ಮಡಿಸಲೇಬೇಡಿ. ಜನವರಿಯ ಒಂದು ಮುಂಜಾನೆ ಅವಸರ ಮಾಡಿ ನಾನು ಅದನ್ನು ಹಪ್ಪಳದ ಹಾಗೆ ಸೀಳಿದ್ದೇನೆ. ಆ ವರ್ಷದ ಚಳಿ ಪೂರ್ತಿ ಪಾರದರ್ಶಕ ಟೇಪಿನ ಮೂಲಕ ಹಿಂದೆ ನೋಡುತ್ತ ಓಡಿಸಿದೆ.

ಜೂನಿನಲ್ಲಿ ತ್ಸುಯು ಮಳೆ ಶುರುವಾದ ಮೊದಲ ರಾತ್ರಿ ಸೀಟುಗಳ ಹಿಂದೆಯೂ ಕಾಲಿಡುವ ಕಡೆಯೂ ಹಳೆಯ ಪತ್ರಿಕೆ ಹಾಸಿ ಮಲಗಿ. ಬೆಳಿಗ್ಗೆ ಒದ್ದೆಯಾದ ಹಾಳೆ ಯಾವುದು ಎಂದು ನೋಡಿದರೆ ನೀರು ಯಾವ ದಾರಿಯಿಂದ ಬಂತು ಗೊತ್ತಾಗುತ್ತದೆ. ಕಿಟಕಿಯ ರಬ್ಬರ್ ಇರಬಹುದು, ಟಾಪಿನ ಅಂಚಿರಬಹುದು, ಕೊಳವೆ ಇರಬಹುದು. ಹಾಳೆಗಳೆಲ್ಲ ಒಣಗಿದ್ದರೆ ಮಡಿಸಿ ಡಿಕ್ಕಿಗೆ ಹಾಕಿ, ಮಳೆ ಬಿಟ್ಟ ಮೇಲೆ ಬ್ಯಾಟರಿಯ ಪಕ್ಕದಲ್ಲಿ ಈರುಳ್ಳಿ ಸೊಪ್ಪು ಸುತ್ತಿ ತರಲು ಬೇಕಾಗುತ್ತವೆ.